ಬಿಸಿಲಲ್ಲಿ ಒಣಗಿದ ಸೊಳ್ಳೆಪರದೆ

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಬರೆದುಕೊಡಿ ಎಂದು ಕೇಳಿದ ಸಂಪಾದಕಿ ಜೊತೆಗೇ ಇನ್ನೊಂದು ಮಾತು ಸೇರಿಸಿದರು: "ಧೈರ್ಯ ತುಂಬುವ ಹಾಗೆ ಇರಲಿ ಶೈಲಾ, ಬೇರೆ ತಾಯಂದಿರು ಓದ್ತಾರೆ." ಹಂಚುವಷ್ಟು ಧೈರ್ಯ ನನ್ನ ಹತ್ತಿರ ಇಲ್ಲ. ನನ್ನ ಮಗಳು ಪ್ರಣತಿಗೆ ಎರಡು ವರ್ಷ ನಾಲ್ಕು ತಿಂಗಳಾಗಿದ್ದಾಗ ಮಲೇರಿಯಾ ತಲೆಗೆ ಏರಿತು. ಬದುಕಿದಳು. ಈಗ ಏಳನೇ ಕ್ಲಾಸು. ಬಲಗೈಯಲ್ಲಿ ಪೆನ್ನು ನಿಲ್ಲುವುದಿಲ್ಲ, ಎಡಗೈಯಲ್ಲಿ ಬರೆಯುತ್ತಾಳೆ. ಮಾತು ನಿಧಾನ. ಧೈರ್ಯದ ಭಾಗ ಇಲ್ಲಿಗೆ ಮುಗಿಯಿತು. ಉಳಿದಿರುವುದು ಒಂದು ಸೊಳ್ಳೆಪರದೆ ಮತ್ತು ನನ್ನ ಒಂದು ನಗು. ಯಾವ ತಾಯಿಯಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು "ನನ್ನಿಂದಲೇ ಆಯಿತು" ಎಂದುಕೊಳ್ಳುತ್ತಿದ್ದರೆ, ಆ ಬೆಂಚಿನಲ್ಲಿ ಅವಳಿಗಿಂತ ಮೊದಲು ನಾನು ಕೂತಿದ್ದೆ ಎಂದು ಅವಳಿಗೆ ಗೊತ್ತಿರಲಿ.

ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ನನ್ನ ಗಂಡ ಮೋಹನ ಬ್ರಹ್ಮಾವರದ ಕಡೆಯವರು, ಘೋಡಬಂದರ್ ರಸ್ತೆಯ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್. ಮದುವೆಯಾದ ಮೇಲೆ ಠಾಕುರ್ಲಿಯಲ್ಲಿ ಮನೆ ಮಾಡಿದೆವು. ಪ್ರಣತಿ ಹುಟ್ಟಿದಾಗ ಬಾಣಂತನಕ್ಕೆಂದು ಊರಿಂದ ಅತ್ತೆ ಬಂದರು. ಮೂರು ತಿಂಗಳಿಗೆ ಬಂದವರು ಉಳಿದೇಬಿಟ್ಟರು, ಯಾಕೆಂದರೆ ನಾನು ಐರೋಲಿಯ ಒಂದು ಆಫೀಸಿಗೆ ಹೋಗುತ್ತಿದ್ದೆ, ಮಗುವನ್ನು ನೋಡಿಕೊಳ್ಳಲು ಜನ ಬೇಕಿತ್ತು. ಅವರಿಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ತರಕಾರಿಯವನ ಹತ್ತಿರ ಬೆರಳಲ್ಲೇ ವ್ಯವಹಾರ.

ಅವರ ಕನ್ನಡ ಚೆಂದ. ನನ್ನದು ಅವರ ಕಿವಿಗೆ ಕನ್ನಡವೇ ಅಲ್ಲ. ನಾವು ಇಲ್ಲಿಯವರು ನೀರು ತುಂಬಿಸುವುದಕ್ಕೆ ಮರಾಠಿಯ ಗಾಳಿ ತಾಗಿ "ನೀರು ಭರಿಸುವುದು" ಎನ್ನುತ್ತೇವೆ. ಹೊಸದರಲ್ಲಿ ಒಮ್ಮೆ ಹಾಗೆಂದೆ. "ಭರಿಸುವುದು ಅಂದ್ರೆ ಎಂತ, ನೀರಿಗೆ ದಂಡ ಕಟ್ಟುವುದಾ?" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಊರಿನ ನಾದಿನಿಗೆ ಫೋನು, ಚಿಕ್ಕಮ್ಮನಿಗೆ ಫೋನು, ಎಲ್ಲರಿಗೂ ನನ್ನ ದನಿಯನ್ನೇ ಅನುಕರಿಸಿ ಹೇಳಿದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಎರಡು ವರ್ಷ ಇಂಥವನ್ನು ಕೇಳಿಸಿಕೊಂಡೆ, ಮನಸ್ಸಿನಲ್ಲೇ ಇಟ್ಟುಕೊಂಡೆ.

ಸೊಳ್ಳೆಪರದೆ ಅತ್ತೆಯೇ ಊರಿಂದ ತಂದದ್ದು. ಬಿಳಿ ಹತ್ತಿಯದು, ಅಂಚಿಗೆ ನೀಲಿ ಬಟ್ಟೆ ಕೊಟ್ಟು ಹೊಲಿಸಿದ್ದರು. ನಮ್ಮ ಪಕ್ಕದಲ್ಲಿ ಹೊಸ ಬಿಲ್ಡಿಂಗ್ ಏಳುತ್ತಿತ್ತು, ಅದರ ನೆಲಮಾಳಿಗೆಯಲ್ಲಿ ವರ್ಷವಿಡೀ ನೀರು ನಿಂತಿರುತ್ತಿತ್ತು. ಅದರ ಹಿಂದಿನ ವರ್ಷ ನಮ್ಮ ಬಿಲ್ಡಿಂಗಿನಲ್ಲಿ ಮೂರು ಮನೆಗೆ ಮಲೇರಿಯಾ ಬಂದಿತ್ತು. ಹಾಗಾಗಿ ಪ್ರಣತಿಗೆ ಎರಡು ತುಂಬಿದ ಮೇ ತಿಂಗಳ ಒಂದು ಭಾನುವಾರ ಆರೋಗ್ಯ ಇಲಾಖೆಯ ಬಾಯಿಯೊಬ್ಬರು, ಇಲ್ಲಿ ಹೆಂಗಸರನ್ನು ಬಾಯಿ ಎನ್ನುತ್ತೇವೆ, ಅಂಗಳದಲ್ಲಿ ಟಬ್ಬು ಇಟ್ಟುಕೊಂಡು ಕೂತರು. ಮನೆಮನೆಯ ಸೊಳ್ಳೆಪರದೆಯನ್ನು ಔಷಧಿ ನೀರಿನಲ್ಲಿ ಅದ್ದಿಕೊಡುವುದು, ಅಷ್ಟೇ ಕೆಲಸ. ನಾನು ಮಗುವಿಗೆ ಸ್ನಾನ ಮಾಡಿಸುತ್ತಿದ್ದೆ. ಅತ್ತೆ ಪರದೆ ಹಿಡಿದುಕೊಂಡು ಕೆಳಗೆ ಹೋದರು. ಆ ಬಾಯಿ ಒಬ್ಬೊಬ್ಬರಿಗೂ ಹೇಳುತ್ತಿದ್ದುದು ಬಚ್ಚಲಿನ ಕಿಟಕಿಯಿಂದ ನನಗೆ ಕೇಳುತ್ತಿತ್ತು: "ಸಾವಲೀತ್ ವಾಳವಾ. ಉನ್ಹಾತ್ ನಕೋ. ಧುವೂ ನಕಾ." ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ ಬೇಡ, ತೊಳೆಯಬೇಡಿ.

ಅತ್ತೆ ಮೇಲೆ ಬಂದಾಗ ಮುಖ ಕಪ್ಪಿಟ್ಟಿತ್ತು. ಒದ್ದೆ ಪರದೆಯನ್ನು ಬಕೆಟ್ಟಿಗೆ ಎಸೆದರು.

"ಆ ಹೆಂಗಸು ಎಂತ ಹೇಳಿದ್ದು ಕೇಳಿದೆಯಾ? ಸಾವಲ್ಲಿ ಅಂತೆ. ಮಗು ಮಲಗುವ ಬಟ್ಟೆ ಕೈಯಲ್ಲಿ ಹಿಡ್ಕೊಂಡು ಬಾಯಲ್ಲಿ ಸಾವು ಅಂತ ಬರ್ತದಾ? ಒಬ್ಬರಿಗಲ್ಲ, ಎಲ್ಲರಿಗೂ ಹೇಳ್ತಾ ಇದ್ಲು."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಉಕ್ಕಿತು. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಅದರ ಹೊಟ್ಟೆಗೆ ಮುಖ ಒತ್ತಿ ಅಡಗಿಸಿದೆ. ಅತ್ತೆ ಆಗಲೇ ಸ್ಟವ್ ಹಚ್ಚಿ ನೀರು ಕಾಯಿಸುತ್ತಿದ್ದರು. ಕುದಿಯುವ ನೀರಿಗೆ ಬಟ್ಟೆಸೋಡಾ ಹಾಕಿ ಪರದೆಯನ್ನು ಎರಡು ಸಲ ಒಗೆದರು. ಮೂರನೆಯ ಸಲ ಅರಿಶಿನದ ನೀರಲ್ಲಿ ಜಾಲಿಸಿದರು, ಕೆಟ್ಟ ಮಾತು ಹೋಗಲಿ ಎಂದು. ಆಮೇಲೆ ಟೆರೇಸಿಗೆ ಹತ್ತಿ ಮೇ ತಿಂಗಳ ಸುಡುಬಿಸಿಲಲ್ಲಿ ಹರವಿದರು. ಆ ಬಾಯಿ ಏನೇನು ಬೇಡ ಎಂದಿದ್ದರೋ ಅದಷ್ಟನ್ನೂ ಒಂದೂ ಬಿಡದೆ ಮಾಡಿದರು.

ಆ ಮನೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. "ಅತ್ತೆ, ಸಾವಲಿ ಅಂದ್ರೆ ನೆರಳು" ಎನ್ನಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ನೀರು ಭರಿಸಿದ್ದಕ್ಕೆ ಬದಲು ಸಿಕ್ಕಿತ್ತು, ಅದನ್ನು ಕೆಡಿಸಿಕೊಳ್ಳಲು ಇಷ್ಟವಿರಲಿಲ್ಲ. ಇದನ್ನು ಮೆತ್ತಗೆ ಮಾಡಿ ಬರೆಯಬಹುದಿತ್ತು, ಕೆಲಸದ ಗಡಿಬಿಡಿಯಲ್ಲಿ ಮರೆತೆ ಎನ್ನಬಹುದಿತ್ತು. ಮರೆಯಲಿಲ್ಲ. ಸಂಜೆ ಮೋಹನ ಬಂದಾಗ ಪಿಸುದನಿಯಲ್ಲಿ ಹೇಳಿದೆ. ಅವರೂ ನಕ್ಕರು. "ಅಮ್ಮನಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾರೆ" ಎಂದರು. ಪರದೆ ಒಳ್ಳೆ ಬೆಳ್ಳಗಾಗಿತ್ತು, ಅರಿಶಿನದ ವಾಸನೆ ಬರುತ್ತಿತ್ತು.

ಜುಲೈಯಲ್ಲಿ ಒಂದು ಶನಿವಾರ ಆ ಬಾಯಿ ಮತ್ತೆ ಬಂದರು. ಮಳೆಗೆ ನೆನೆದಿದ್ದರು, ಕೈಯಲ್ಲಿ ಔಷಧಿಯ ಡಬ್ಬ ಇತ್ತು. "ಮಚ್ಛರ್‌ದಾಣೀ ಧುತಲೀ ನಾಹೀ ನಾ?" ಪರದೆ ತೊಳೆದಿಲ್ಲ ತಾನೇ, ತೊಳೆದಿದ್ದರೆ ಹೇಳಿ, ಈಗಲೇ ಮತ್ತೆ ಅದ್ದಿಕೊಡುತ್ತೇನೆ ಎಂದರು. ನನ್ನ ಬೆನ್ನ ಹಿಂದೆ ಅತ್ತೆ ನಿಂತಿದ್ದರು. ಹೌದು ಎಂದರೆ ಯಾಕೆ ತೊಳೆದಿರಿ ಎನ್ನುವ ಪ್ರಶ್ನೆ ಬರುತ್ತದೆ, ಅತ್ತೆ ಅದೇನು ಎಂದು ಕೇಳುತ್ತಾರೆ, ಎಲ್ಲ ಬಿಚ್ಚಬೇಕಾಗುತ್ತದೆ. "ನಾಹೀ" ಎಂದೆ. ಅವರು ಬಾಗಿಲಿಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ ಮೂರನೇ ಮಾಳಿಗೆಗೆ ಹತ್ತಿದರು. ಆ ಗುರುತು ಎಷ್ಟೋ ದಿನ ಬಾಗಿಲ ಮೇಲೆ ಇತ್ತು.

ಪ್ರಣತಿ ಮಲಗಿದಲ್ಲಿ ಮಲಗುವವಳಲ್ಲ. ಉರುಳಿ ಉರುಳಿ ಅಂಚಿಗೆ ಹೋಗಿ ಬಲಗೈಯನ್ನು ಪರದೆಗೆ ಒತ್ತಿಕೊಂಡು ನಿದ್ದೆ ಮಾಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಆ ಕೈಯಲ್ಲಿ ಕೆಂಪು ಗುಳ್ಳೆಗಳು. ಅತ್ತೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ನಾನು ಸೆಕೆ ಬೊಕ್ಕೆ ಎಂದೆ. ನಿಜ ಹೇಳಬೇಕೆಂದರೆ, ಮಳೆಗಾಲದಲ್ಲಿ ಎಂಥ ಸೆಕೆ ಬೊಕ್ಕೆ ಎಂದು ಒಳಗೇ ಅನಿಸಿತ್ತು.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಪೂಜೆಗೆ ಸಂಘದ ಹೆಂಗಸರೆಲ್ಲ ಸೇರಿದ್ದೆವು. ಅತ್ತೆಗೆ ಕಾಲು ನೋವು, ಬಂದಿರಲಿಲ್ಲ. ಪ್ರಸಾದ ತಿನ್ನುತ್ತ ನಾನು ಸೊಳ್ಳೆಪರದೆಯ ಕಥೆ ತೆಗೆದೆ. ಅತ್ತೆಯ ದನಿ, ಅತ್ತೆಯ ಕೈತಿರುವು, ಅರಿಶಿನದ ನೀರು, ಒಂದನ್ನೂ ಬಿಡಲಿಲ್ಲ. ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮ ಬಿಲ್ಡಿಂಗಿನವರೇ ಆದ ಸುಮತಿಯಕ್ಕ "ಇನ್ನೊಮ್ಮೆ ಹೇಳು ಮಾರಾಯ್ತಿ" ಎಂದು ತಡವಾಗಿ ಬಂದವರಿಗಾಗಿ ಮತ್ತೆ ಹೇಳಿಸಿದರು. ಎರಡನೇ ಸಲ ಇನ್ನೂ ಚೆನ್ನಾಗಿ ಹೇಳಿದೆ.

ಸೆಪ್ಟೆಂಬರಿನಲ್ಲಿ, ಗಣಪತಿ ಹಬ್ಬದ ಎದುರಿಗೆ, ಪ್ರಣತಿಗೆ ಜ್ವರ ಬಂತು. ಮಾರನೇ ದಿನ ಇಳಿಯಿತು, ದೋಸೆ ತಿಂದಳು, ಗುಬ್ಬಿಯ ಜೊತೆ ಮಾತಾಡಿದಳು. ಮಾತಿನ ಮಲ್ಲಿ ಅವಳು. "ಅಜ್ಜೀ, ಗುಬ್ಬಿ ಹೋಯ್ತು, ಟಾಟಾ ಮಾಡ್ಲಿಲ್ಲ" ಎಂದು ಪೂರ್ತಿ ವಾಕ್ಯ ಹೇಳುತ್ತಿದ್ದಳು, ಅದೂ ಅತ್ತೆಯ ಕನ್ನಡದಲ್ಲಿ. ಹತ್ತಿರದ ಡಾಕ್ಟರು ಸಿರಪ್ ಕೊಟ್ಟು, ಮತ್ತೆ ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದರು. ಮತ್ತೆ ಬಂತು. ಶನಿವಾರ ಮಾಡಿಸುತ್ತೇನೆ, ನನಗೆ ರಜೆ ಎಂದುಕೊಂಡು ನಾನು ಗುರುವಾರ ಆಫೀಸಿಗೆ ಹೋದೆ. ಚೀಟಿ ಪರ್ಸಿನಲ್ಲೇ ಇತ್ತು.

ಮಧ್ಯಾಹ್ನ ಎರಡು ಗಂಟೆಗೆ ಅತ್ತೆಯ ಫೋನು. "ಶೈಲಾ, ಮಗು ಕಣ್ಣು ಮೇಲೆ ಮಾಡ್ತಾ ಉಂಟು. ಕೈ ಎಳೀತಾ ಉಂಟು. ಕರೆದ್ರೆ ನೋಡುವುದಿಲ್ಲ." ಐರೋಲಿಯಿಂದ ಥಾಣೆಗೆ ರೈಲಿನಲ್ಲಿ ಹತ್ತು ನಿಮಿಷದ ದಾರಿ, ಅಲ್ಲಿ ಗಾಡಿ ಬದಲಿಸಿ ಮನೆಯ ಕಡೆ ಹೋಗಬೇಕು. ಖಾಲಿ ಡಬ್ಬಿಯಲ್ಲಿ ಬಾಗಿಲ ಬಳಿ ನಿಂತಿದ್ದೆ. ಹೊರಗೆ ಖಾಡಿಯ ಹಿನ್ನೀರು ಮಿನುಗುತ್ತಿತ್ತು, ಒಬ್ಬಳು ನೆಲಗಡಲೆ ಸುಲಿದು ತಿನ್ನುತ್ತಿದ್ದಳು. ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನಿಸಿತು. ಅತ್ತೆ ಒಂದಕ್ಷರ ಮರಾಠಿ ಬಾರದೆ, ಮಗುವನ್ನು ಎತ್ತಿಕೊಂಡು ರಸ್ತೆಗಿಳಿದು ಒಬ್ಬ ರಿಕ್ಷಾದವನ ಮುಂದೆ ಮಗುವನ್ನೇ ಎತ್ತಿ ತೋರಿಸಿದರಂತೆ. ಅವನು ಮೀಟರ್ ಹಾಕದೆ ಓಡಿಸಿದ. ಆ ಮನುಷ್ಯನ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ಡೊಂಬಿವಲಿಯ ನರ್ಸಿಂಗ್ ಹೋಮಿನವರು ಸೂಜಿ ಚುಚ್ಚಿ ಥಾಣೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತದ ಸ್ಲೈಡ್ ನೋಡಿದ ಡಾಕ್ಟರಮ್ಮ ಮೋಹನನ ಕಡೆ ತಿರುಗಿ "ಮಲೇರಿಯಾ ದಿಮಾಗ್ ತಕ್ ಗಯಾ ಹೈ" ಎಂದರು. ಮೋಹನ ಗೋಡೆಗೆ ಒರಗಿದರು. ಅತ್ತೆ ನನ್ನ ಸೆರಗು ಎಳೆದು "ಎಂತ ಹೇಳಿದ್ರು, ಎಂತ ಹೇಳಿದ್ರು" ಎಂದು ಕೇಳುತ್ತಲೇ ಇದ್ದರು. ಮಲೇರಿಯಾ ತಲೆಗೆ ಏರಿದೆಯಂತೆ ಎಂದು ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಈ ಸಲ ಕೂಡಲೇ ಹೇಳಿದೆ.

ಐದು ದಿನ ಮಗು ಕಣ್ಣು ತೆರೆಯಲಿಲ್ಲ. ಹೊರಗೆ ಬೀದಿಯಲ್ಲಿ ಗಣಪತಿಯ ಢೋಲು ಬಡಿಯುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಕಲ್ಯಾಣದ ಒಬ್ಬ ಹುಡುಗ, ಅವನಿಗೂ ಇದೇ ಕಾಯಿಲೆ. ಅವನ ತಾಯಿ ನನಗೆ ತನ್ನ ಬಾಚಣಿಗೆ ಕೊಟ್ಟಳು, "ತಲೆ ಬಾಚ್ಕೊ, ಮಗು ಎದ್ದಾಗ ಹೆದರ್ತದೆ" ಎಂದಳು, ಅವಳ ಹಿಂದಿಯಲ್ಲಿ. ನಾಲ್ಕನೇ ದಿನ ನಾನು ಚಹಾ ತೆಗೆದುಕೊಂಡು ಬರುವಷ್ಟರಲ್ಲಿ ಆ ಹಾಸಿಗೆಯ ಚಾದರ ಬದಲಾಗಿತ್ತು. ಬಾಚಣಿಗೆ ನನ್ನಲ್ಲೇ ಉಳಿಯಿತು. ಅವಳಿಗಾಗಿ ದುಃಖ ಬರುವ ಮೊದಲು, ನನ್ನದಲ್ಲ, ನನ್ನದಲ್ಲ ಎಂಬ ಸಮಾಧಾನ ಬಂತು. ಇದನ್ನೂ ಬರೆದಿಡುತ್ತೇನೆ, ಯಾಕೆಂದರೆ ಆ ಬೆಂಚಿನ ಮೇಲೆ ಕೂತ ಎಲ್ಲರಿಗೂ ಇದು ಬರುತ್ತದೆ, ಯಾರೂ ಹೇಳುವುದಿಲ್ಲ.

ಮೊದಲ ದಿನವೇ ಸಿಸ್ಟರ್ ಒಬ್ಬರು ಪ್ರಣತಿಯ ಹಾಸಿಗೆಗೆ ಸೊಳ್ಳೆಪರದೆ ಕಟ್ಟಿದ್ದರು. "ಇದು ಅವಳಿಗಲ್ಲ, ಬೇರೆಯವರಿಗೆ" ಎಂದಿದ್ದರು. ಸೊಳ್ಳೆ ಅವಳನ್ನು ಕಚ್ಚಿ ವಾರ್ಡಿನ ಇನ್ನೊಂದು ಮಗುವಿಗೆ ಕೊಂಡೊಯ್ಯಬಾರದಲ್ಲ. ಔಷಧಿಯ ವಾಸನೆ ಹೊಡೆಯುವ ಹಸಿರು ಪರದೆ ಅದು. ಅತ್ತೆ ಅದನ್ನು ಮೂಸಿ "ನಮ್ಮದೂ ಹೀಗೇ ನಾರುತ್ತಿತ್ತು, ನಾನು ತೊಳೆದೆ" ಎಂದರು, ಒಂದು ಒಳ್ಳೆಯ ಕೆಲಸ ನೆನಪಾದವರಂತೆ.

ಐದನೇ ದಿನ ಸುಮತಿಯಕ್ಕ ಬಂದರು, ಎಳನೀರು ಹಿಡಿದುಕೊಂಡು. ಒಳ್ಳೆಯ ಹೆಂಗಸು. ಕಾರಿಡಾರಿನಲ್ಲಿ ಅತ್ತೆಯ ಕೈ ಹಿಡಿದು ಅತ್ತರು. ಅಳುತ್ತಲೇ "ಆ ಸಾವಲಿ ಪರದೆ ಒಂದು ತೊಳೆಯದೆ ಇದ್ದಿದ್ರೆ ಆಗ್ತಿತ್ತು ಅಮ್ಮಾ. ಪೂಜೆ ದಿನ ನಾವೆಲ್ಲ ನಗಾಡಿದ್ದೇ ತಪ್ಪಾಯ್ತು" ಎಂದುಬಿಟ್ಟರು.

ಅತ್ತೆ ಅವರನ್ನು ನೋಡಿದರು, ನನ್ನನ್ನು ನೋಡಿದರು.

"ಸಾವಲಿ ಅಂದ್ರೆ ಎಂತ?"

ಐದು ದಿನದ ನಿದ್ದೆಗೇಡು, ಹೆದರಿಕೆ, ಎಲ್ಲ ಸೇರಿ ನನ್ನ ಬಾಯಿಗೆ ಬಂತು. ಸುಮ್ಮನೆ ಹೇಳಬಹುದಿತ್ತು, ಚುಚ್ಚಿಯೇ ಹೇಳಿದೆ. "ನೆರಳು. ನೆರಳಲ್ಲಿ ಒಣಗಿಸಿ, ತೊಳೀಬೇಡಿ ಅಂದದ್ದು ಅವರು. ನೀವು ಕುದಿಯುವ ನೀರಲ್ಲಿ ಹಾಕಿ ಔಷಧಿ ಎಲ್ಲ ತೆಗೆದ್ರಿ. ಮಗು ಕೈ ಪರದೆಗೆ ತಾಗಿದ್ರೂ ಕಚ್ಚಬಾರದು ಅಂತಲೇ ಆ ಔಷಧಿ. ಅವಳ ಕೈ ನೋಡಿದ್ರಲ್ಲ ನೀವು?"

ಅತ್ತೆಯ ಬಾಯಿ ಸ್ವಲ್ಪ ತೆರೆದೇ ಇತ್ತು. ನಾನು ಗೆದ್ದೆ ಅನಿಸಿತು. ಅರ್ಧ ನಿಮಿಷ ಇದ್ದಿರಬಹುದು ಆ ಗೆಲುವು.

"ನಿನಗೆ ಯಾವಾಗ ಗೊತ್ತಾದ್ದು?" ಎಂದು ಕೇಳಿದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು.

"ಅವತ್ತೇ."

"ನಾನು ನೀರು ಕಾಯಿಸುವಾಗಲೇ?"

"ಹೌದು."

"ಮತ್ತೆ ಯಾಕೆ ಹೇಳ್ಲಿಲ್ಲ, ಹೆಣ್ಣೇ?"

ಸುಮತಿಯಕ್ಕ ಎಳನೀರನ್ನು ಬೆಂಚಿನ ಮೇಲಿಟ್ಟು ಮೆಲ್ಲಗೆ ಹೊರಟರು. ನನ್ನ ಹತ್ತಿರ ಉತ್ತರ ಇತ್ತು, ನೀವು ನನ್ನ ಕನ್ನಡಕ್ಕೆ ನಕ್ಕಿದ್ದಕ್ಕೆ ಎಂದು. ಒಳಗೆ ಮಗು ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿರುವಾಗ ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಅತ್ತೆ ಒಳಗೆ ಹೋಗಿ ಹಸಿರು ಪರದೆಯ ಹೊರಗೆ ನಿಂತುಕೊಂಡರು.

ಮಾರನೇ ದಿನ ಪ್ರಣತಿ ಕಣ್ಣು ತೆರೆದಳು. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು, ಗುರುತು ಹಿಡಿದಳು ಕೂಡ. ಬಲಗೈ ಎತ್ತಲಿಲ್ಲ. ಮಾತಾಡಲಿಲ್ಲ. ಕಿವಿ ಕೇಳುತ್ತದೆ, ಮಾತು ಬರಬಹುದು, ಕಾಯಿರಿ ಎಂದರು ಡಾಕ್ಟರಮ್ಮ. ಆಮೇಲೆ ನಾನೊಬ್ಬಳೇ ಅವರನ್ನು ಹಿಡಿದು ಪರದೆಯ ವಿಷಯ ಕೇಳಿದೆ. ಅವರು ತಾಳ್ಮೆಯಿಂದ ಹೇಳಿದರು: ಯಾವ ಸೊಳ್ಳೆ, ಯಾವ ದಿನ, ಎಲ್ಲಿ ಕಚ್ಚಿತು ಎಂದು ಯಾರಿಗೂ ಹೇಳಲಾಗದು, ಸಂಜೆ ಅಂಗಳದಲ್ಲಿ ಆಡುವಾಗಲೂ ಕಚ್ಚಿರಬಹುದು. ಸಮಾಧಾನಕ್ಕೆ ಹೇಳಿದ್ದೋ, ನಿಜವೋ, ಎರಡೂ ಇರಬಹುದು. ಹೌದು, ನಿಮ್ಮಿಂದಲೇ ಎಂದಿದ್ದರೆ ತಲೆ ಬಗ್ಗಿಸಿ ಒಪ್ಪಿಕೊಂಡು ಮುಗಿಸುತ್ತಿದ್ದೆ. ಗೊತ್ತಿಲ್ಲ ಎನ್ನುವುದನ್ನು ಮಾತ್ರ ಇಷ್ಟು ವರ್ಷವಾದರೂ ಎಲ್ಲಿಡಬೇಕೆಂದು ನನಗೆ ತಿಳಿದಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ನನ್ನೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು. ಜಗಳವಿಲ್ಲ, ಕೆಲಸದಲ್ಲಿ ಕಡಿಮೆಯಿಲ್ಲ. ಏನಿದ್ದರೂ ಮಗುವಿಗೆ ಹೇಳುವುದು. "ನಿನ್ನ ಅಮ್ಮನಿಗೆ ಹೇಳು, ಬಡಿಸಿ ಆಗಿದೆ." "ನಿನ್ನ ಅಮ್ಮನಿಗೆ ಹೇಳು, ಔಷಧಿ ಮುಗಿದಿದೆ." ಮಾತು ಬಾರದ ಮಗು ಅವರ ಮುಖ, ನನ್ನ ಮುಖ ನೋಡುತ್ತಿತ್ತು. ನಾನು ಎದ್ದು ಬಂದು ಉಣ್ಣುತ್ತಿದ್ದೆ. ಮೋಹನ ಒಂದೆರಡು ಸಲ ಮಧ್ಯೆ ಬಂದು, ಆಮೇಲೆ ಹೋಟೆಲಿನಲ್ಲಿ ಓವರ್‌ಟೈಮ್ ಹೆಚ್ಚಿಸಿಕೊಂಡರು.

ವಾರಕ್ಕೆರಡು ದಿನ ಥಾಣೆಯಲ್ಲಿ ಮಾತು ಕಲಿಸುವ ಮೇಡಂ ಹತ್ತಿರ ಹೋಗಬೇಕಿತ್ತು. ಮಗುವಿಗೆ ಗೊಂದಲವಾಗುತ್ತದೆ, ಸದ್ಯಕ್ಕೆ ಮನೆಯಲ್ಲೂ ಒಂದೇ ಭಾಷೆ ಇರಲಿ ಎಂದರು ಅವರು. ಅವರು ಕಲಿಸುವುದು ಮರಾಠಿಯಲ್ಲಿ. ಹಾಗಲ್ಲ, ಎರಡು ಭಾಷೆಯಿಂದ ಏನೂ ಕೆಡುವುದಿಲ್ಲ ಎಂದು ಬೇರೊಬ್ಬರು ಹೇಳಿದರು, ಆದರೆ ಅಷ್ಟರಲ್ಲಿ ತಡವಾಗಿತ್ತು. ನಾನು ಬೇಕಾದ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ: ಪಾಣೀ, ದೂಧ್, ಚೆಂಡೂ, ಚಿಮಣೀ. ಅತ್ತೆ ಕನ್ನಡಕ ಹಾಕಿಕೊಂಡು ಆ ಚೀಟಿಯ ಮುಂದೆ ನಿಂತು ಬಾಯಿಪಾಠ ಮಾಡಿದರು. ಗುಬ್ಬಿ ಬಂದರೆ "ಚಿಮಣೀ, ಚಿಮಣೀ" ಎನ್ನುತ್ತಿದ್ದರು, ಉಚ್ಚಾರ ತಪ್ಪಾಗಿ. ನಾನು ತಿದ್ದಲಿಲ್ಲ, ನಗಲೂ ಇಲ್ಲ. ಚೀಟಿಗೆ ಸಾವಲಿ ಎಂಬ ಶಬ್ದ ಬರೆಯಲಿಲ್ಲ.

ಎಂಟು ತಿಂಗಳು ಹೀಗೆ. ಮತ್ತೆ ಮೇ ತಿಂಗಳು ಬಂತು. ಒಂದು ದಿನ ಮೇಡಂ ಕೋಣೆಯ ದೀಪ ಆರಿಸಿ, ಬ್ಯಾಟರಿ ಬಿಟ್ಟು, ಗೋಡೆಯ ಮೇಲೆ ಬೆರಳಿನಿಂದ ಮೊಲ, ಹಕ್ಕಿ ಮಾಡಿ ತೋರಿಸಿದರು. ನಾನು, ಅತ್ತೆ ಹೊರಗಿನ ಬೆಂಚಿನಲ್ಲಿ ಕೂತು ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಮುಗಿದ ಮೇಲೆ ಸ್ಟೇಷನ್ನಿನ ಕಡೆ ನಡೆದೆವು. ನಡುಮಧ್ಯಾಹ್ನದ ಬಿಸಿಲು, ರಸ್ತೆ ಕಾದಿತ್ತು. ಪ್ರಣತಿ ಮಧ್ಯದಲ್ಲಿ, ಎಡಗೈ ನನ್ನ ಕೈಯಲ್ಲಿ, ಸೋತ ಬಲಗೈ ಅತ್ತೆಯ ಕೈಯಲ್ಲಿ. ಅವಳು ಥಟ್ಟನೆ ನಿಂತಳು. ತನ್ನ ಕಾಲ ಬುಡವನ್ನು ನೋಡಿದಳು. ನನ್ನ ಕೈ ಬಿಡಿಸಿಕೊಂಡು ನೆಲಕ್ಕೆ ಬೆರಳು ತೋರಿಸಿದಳು.

"ಸಾವಲೀ" ಎಂದಳು.

ದನಿ ಗೊಗ್ಗರಾಗಿತ್ತು, ಅವಳದೇ ಅಲ್ಲವೇನೋ ಅನಿಸುವಷ್ಟು. ಅತ್ತೆ ಅವಳನ್ನೇ ನೋಡಿದರು. ಮೊದಲು "ಅಜ್ಜಿ" ಎನ್ನುತ್ತಾಳೆ ಎಂದು ಅವರು ಎಂಟು ತಿಂಗಳು ಕಾದಿದ್ದರು, ನನಗೆ ಗೊತ್ತಿತ್ತು. ಬಗ್ಗಿ, ಮೆಲ್ಲಗೆ, "ನೆರಳು ಅನ್ನು ಮಗಾ, ನೆರಳು" ಎಂದರು.

"ಸಾವಲೀ" ಎಂದಳು ಮಗಳು ಮತ್ತೆ, ಈ ಸಲ ಸ್ಪಷ್ಟವಾಗಿ, ಅಜ್ಜಿಯ ನೆರಳಿಗೆ ಬೆರಳು ತೋರಿಸಿ.

ಅತ್ತೆ ನೆಟ್ಟಗೆ ನಿಂತರು. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಈಗ ನಗು, ಶೈಲಾ" ಎಂದರು.

ನಾನು ನಕ್ಕೆ. ತಡೆಯಲಾಗಲಿಲ್ಲ, ಮಗಳು ಮಾತಾಡಿದ್ದಳು. ಆ ಸುಡುಬಿಸಿಲಲ್ಲಿ, ರಸ್ತೆಯ ನಡುವೆ ನಿಂತು, ಅಳುತ್ತ ಜೋರಾಗಿ ನಕ್ಕೆ. ಅತ್ತೆ ನನ್ನ ನಗು ಮುಗಿಯುವ ತನಕ ನೋಡುತ್ತಾ ನಿಂತಿದ್ದರು, ಆಮೇಲೆ ಮಗುವಿನ ಸೋತ ಕೈ ಹಿಡಿದುಕೊಂಡು ಸ್ಟೇಷನ್ನಿನ ಕಡೆ ನಡೆದರು.